ಒಂದೇ ಬೋಗೋಣಿಯ ಊಟ

 

ಈ ತಿಂಗಳ ಗೋಡೆ ಪತ್ರಿಕೆಗೆ ಏನಾದರೂ ಬರೆದು ಕೊಡು ಎಂದು ಕನ್ನಡ ಗುರುಗಳು ಹೇಳಿದಾಗ ನಾನು ‘ನಮ್ಮ ಶಾಲಾ ಪ್ರವಾಸ’ ಬರೆಯಬೇಕೆಂದು ಮಾಡಿದ್ದೆ. ಆದರೆ ಅದನ್ನು ಆಗಲೇ ಮೂರು ಮಂದಿ ಬರೆದು ಕೊಟ್ಟಿದ್ದಾರೆ. ಮೂರು ಮಂದಿಯೂ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸಿತು ಎಂದೇ ಬರೆದಿದ್ದಾರೆ. ನಾಲ್ಕನೆಯವನು ನಾನೇಕೆ ಕೂಗಲಿ ಎಂದು ಸುಮ್ಮನಾದೆ. ಆಗ ಗುರುಗಳೇ, “ನಿನಗ ಎಲ್ಲಾರೂ ಕಡಬು ಅಂತ ಯಾಕ ಕರೀತಾರೋ? ಅದನ್ನ ಬರಿ” ಎಂದರು. ವರ್ಗದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮೊದಮೊದಲು ನನಗೆ ನಗು ಬರುತ್ತಿರಲಿಲ್ಲ. ಆ ಹೆಸರು ಹೇಗೆ ಬಂತು ಎಂಬುದನ್ನು ಏನೂ ಮುಚ್ಚಿಡದೆ ಬರೆಯುತ್ತೇನೆ.

ಹೋದ ವರ್ಷ ಎಳ್ಳ ಅಮವಾಸ್ಯೆ ಆಗಿ ಎಂಟು ದಿವಸವಾಗಿತ್ತು. ತೊಗರಿ ರಾಶಿ ಮುಗಿದು ಕಾಳು ಒಣಗಲೆಂದು ಮಾಳಿಗೆಯ ಮೇಲೆ ಹರವಿದ್ದೆವು. ನಮ್ಮ ಮಾಳಿಗೆಯ ಮೇಲೆ ನಿಂತರೆ ಕೂಡಗಿಯ ಕರೆಂಟ್ ಕಾರ್ಖಾನೆಯ ಎತ್ತರದ ಚಿಮಣಿಗಳು ಕಾಣುತ್ತವೆ. ಸಂಜೆ ಅವ್ವ ಕಾಳನ್ನು ಚೀಲಕ್ಕೆ ತುಂಬಿ ಹೊತ್ತುಕೊಂಡು ನಿಚ್ಚಣಿಕೆ ಇಳಿಯುವಾಗ ಕಾಲು ಜಾರಿ ಬಿದ್ದುಬಿಟ್ಟಳು. ನಾನು ಅಂಗಳದಲ್ಲಿ ಗೋಲಿ ಆಡುತ್ತಿದ್ದೆ. ಓಡಿ ಹೋಗಿ ಎಬ್ಬಿಸಿದರೆ ಅವಳ ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. ಅಂಥಾದರಲ್ಲಿಯೂ ಅವ್ವ, “ತೊಗರಿ ಎಲ್ಲಾ ಮಣ್ಣಪಾಲಾತಲ್ಲೋ” ಎಂದಳು. ಅಪ್ಪ ಅವಳನ್ನು ಮೋಟಾರ ಸೈಕಲ್ ಮೇಲೆ ಕೂಡಿಸಿಕೊಂಡು ವಿಜಯಪುರಕ್ಕೆ ಹೋದ. ಎಲುಬು ಮುರಿದಿದೆ, ಆರು ವಾರ ಪ್ಲಾಸ್ಟರ್ ಇರಬೇಕು, ಕೈಯಿಂದ ಏನೂ ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ತಂಗಿ ಮತ್ತು ನಾನು ಆ ರಾತ್ರಿ ಮಣ್ಣಿನಲ್ಲಿ ಚೆಲ್ಲಿದ ತೊಗರಿಯನ್ನು ಬ್ಯಾಟರಿ ಹಿಡಿದು ಆರಿಸಿದೆವು. ಬೇರೆ ಏನು ಮಾಡಬೇಕೆಂದು ನಮಗೆ ತಿಳಿಯಲಿಲ್ಲ.

ನಮ್ಮ ಮನೆಯಲ್ಲಿ ನಾವು ಐದು ಜನ. ಅಪ್ಪ, ಅವ್ವ, ಆಯಿ, ನಾನು, ಎರಡನೆಯ ತರಗತಿಯ ತಂಗಿ. ಮುತ್ಯಾ ತೀರಿಕೊಂಡು ನಾಲ್ಕು ವರ್ಷವಾಯಿತು. ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ನಿಲ್ಲಬೇಕು. ಸಂಜೆ ಹೋದರೆ ಮರುದಿನ ಮಧ್ಯಾಹ್ನವೇ ಬರುವುದು. ಆಯಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೈ ನಡುಗುತ್ತದೆ, ಹಲ್ಲು ಮುಂದೆ ಎರಡು ಮಾತ್ರ ಇವೆ. ಮಧ್ಯಾಹ್ನ ನನಗೂ ತಂಗಿಗೂ ಶಾಲೆಯಲ್ಲಿ ಬಿಸಿಯೂಟ ಇದೆ. ೨೦೦೨ ರಲ್ಲಿ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯೂ ಒಂದು ಎಂದು ಗುರುಗಳು ಹೇಳಿದ್ದಾರೆ. ಆದರೆ ರಾತ್ರಿಗೆ ಶಾಲೆ ಇಲ್ಲವಲ್ಲ. ಮನೆಯಲ್ಲಿ ಇದ್ದವರಿಗೂ ಬಿಸಿಯೂಟ ಇಲ್ಲ.

ಮೊದಲ ಏಳು ದಿನ ಓಣಿಯವರು ರೊಟ್ಟಿ ತಂದು ಕೊಟ್ಟರು. ಒಬ್ಬರು ರೊಟ್ಟಿ ಕೊಟ್ಟರೆ ಇನ್ನೊಬ್ಬರು ಪಲ್ಯ ಕೊಡುತ್ತಿದ್ದರು. ಒಂದು ದಿನ ಪುಂಡಿ ಪಲ್ಯ, ಒಂದು ದಿನ ಹಿಟ್ಟಿನ ಪಲ್ಯ, ಒಂದು ದಿನ ಬದನಿಕಾಯಿ. ನಿಜ ಹೇಳಬೇಕೆಂದರೆ ನನಗೂ ತಂಗಿಗೂ ಬಹಳ ಖುಷಿಯಾಗಿತ್ತು. ಅವ್ವ ಮಾತ್ರ ಪ್ರತಿ ಸಲ ಬುಟ್ಟಿ ತಿರುಗಿ ಕೊಡುವಾಗ ಖಾಲಿ ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ತೊಗರಿಯನ್ನೋ ಎರಡು ಉಳ್ಳಾಗಡ್ಡಿಯನ್ನೋ ಹಾಕಿಸುತ್ತಿದ್ದಳು.

ಎಂಟನೆಯ ದಿನ ನಾನು ನಳದ ಹತ್ತಿರ ಕೊಡ ತುಂಬಿಸಲು ಹೋಗಿದ್ದೆ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ, “ಆರು ವಾರ ಅಂದ್ರ ಎಷ್ಟ್ ರೊಟ್ಟಿ ಆದವು ಲೆಕ್ಕಾ ಹಾಕು” ಎಂದು ನಗುತ್ತಾ ಹೇಳುತ್ತಿದ್ದರು. ನಾನು ಹಿಂದೆ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ. ಅವರು ಯಾರು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಏಳು ದಿನ ಅವರ ರೊಟ್ಟಿಯನ್ನೂ ನಾವು ಉಂಡಿದ್ದೇವೆ. ಅವರು ಕೆಟ್ಟವರೂ ಅಲ್ಲ, ಚಾಷ್ಟಿಗೆ ಅಂದಿರಬಹುದು. ನಾನು ಮನೆಯಲ್ಲಿ ಹೇಳಲಿಲ್ಲ. ಆದರೆ ಅವ್ವನಿಗೆ ಅದು ಹೇಗೋ ಗೊತ್ತಾಗಿತ್ತು. ಅವತ್ತು ರಾತ್ರಿ, “ನನಗ ಹಸಿವಿಲ್ಲ, ನೀವು ಉಣ್ರಿ” ಎಂದು ಮಲಗಿದಳು. ಮರುದಿನವೂ ಹಾಗೆಯೇ ಅಂದಳು. ಚಹಾ ಮಾತ್ರ ಕುಡಿದಳು. ಗುಳಿಗೆಯನ್ನು ಉಂಡ ಮೇಲೆ ತೆಗೆದುಕೊಳ್ಳಬೇಕೆಂದು ಚೀಟಿಯಲ್ಲಿ ಬರೆದಿತ್ತು. ಅದನ್ನು ನಾನೇ ಓದಿ ಹೇಳಿದೆ. ಅವ್ವ, “ನೀ ಸಾಲಿ ಕಲತದ್ದು ನನಗ ಕಾಯ್ದೆ ಹೇಳಾಕೇನು?” ಎಂದಳು. ಅವಳ ಸಿಟ್ಟು ನನ್ನ ಮೇಲೆ ಅಲ್ಲ ಎಂಬುದು ತಿಳಿಯುತ್ತಿತ್ತು, ಆದರೂ ಅಳು ಬಂತು.

ಮೂರನೆಯ ದಿನ ನಾನೇ ರೊಟ್ಟಿ ಮಾಡುತ್ತೇನೆಂದು ಕುಳಿತೆ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿ ಬಡಿಯಬೇಕು ಎಂಬುದು ನೋಡಿ ಗೊತ್ತಿತ್ತು. ನೋಡುವುದೇ ಬೇರೆ, ಮಾಡುವುದೇ ಬೇರೆ. ಮೊದಲನೆಯ ರೊಟ್ಟಿ ನಮ್ಮ ಜಿಲ್ಲೆಯ ನಕಾಶೆಯಂತೆ ಆಯಿತು. ಎರಡನೆಯದು ಎತ್ತುವಾಗ ನಾಲ್ಕು ತುಂಡಾಯಿತು. ಮೂರನೆಯದು ಹೆಂಚಿನ ಮೇಲೆ ಅಂಟಿತು. ಜೋಳದ ಹಿಟ್ಟಿನಲ್ಲಿ ಜಿಗುಟು ಇರುವುದಿಲ್ಲ, ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಇರುತ್ತದೆ, ಅದಕ್ಕೇ ಚಪಾತಿಯನ್ನು ಲಟ್ಟಣಿಗೆಯಿಂದ ಲಟ್ಟಿಸಬಹುದು, ರೊಟ್ಟಿಯನ್ನು ಕೈಯಿಂದ ಬಡಿಯಬೇಕು ಎಂದು ಆಮೇಲೆ ವಿಜ್ಞಾನ ಗುರುಗಳು ತಿಳಿಸಿದರು. ಅವತ್ತು ಇದು ಗೊತ್ತಿರಲಿಲ್ಲ. ನನ್ನ ಕೈಯೇ ಕೆಟ್ಟದ್ದು ಎಂದುಕೊಂಡೆ.

ಆಯಿ ಕಟ್ಟೆಯ ಮೇಲೆ ಕುಳಿತು, “ಗಂಡಸು ಒಲಿ ಮುಂದ ಕುಂತ್ರ ಮನಿಗೆ ಒಳ್ಳೇದಲ್ಲೋ, ಏಳೋ” ಎಂದು ಒಂದೇ ಸಮ ಒದರುತ್ತಿದ್ದಳು. ಅವ್ವ ಹಾಸಿಗೆಯಿಂದ ಎದ್ದು ಬಂದಳು. ಒಡೆದ ರೊಟ್ಟಿಗಳನ್ನು ನೋಡಿದಳು. ಬೈಯುತ್ತಾಳೆ ಎಂದು ನಾನು ತಲೆ ಕೆಳಗೆ ಹಾಕಿದೆ. ಅವಳು ನನ್ನ ಬಾಜೂ ಮಣಿಯ ಮೇಲೆ ಕುಳಿತು, “ರೊಟ್ಟಿ ಬಿಡು. ಅದಕ್ಕ ಎರಡು ಕೈ ಮತ್ತ ಹತ್ತು ವರ್ಷ ಬೇಕು. ಬ್ಯಾಳ್ಯಾಗಿನ ಕಡಬು ಮಾಡೂಣು. ಒಂದ ಬೋಗೋಣಿ ಸಾಕು. ನಾ ಹೇಳ್ತೀನಿ, ನೀ ಮಾಡು” ಎಂದಳು.

ಅವಳು ಬಾಯಿ, ನಾನು ಕೈ. ಹೀಗೆ ಆರಂಭವಾಯಿತು.

ಎಲ್ಲರಿಗೂ ಕಡಬು ಗೊತ್ತೇ ಇದೆ, ಆದರೂ ಬರೆಯುತ್ತೇನೆ. ಯಾಕೆಂದರೆ ಉಣ್ಣುವುದು ಗೊತ್ತಿದ್ದವರಿಗೆಲ್ಲ ಮಾಡುವುದು ಗೊತ್ತಿರುವುದಿಲ್ಲ. (ಇದನ್ನು ನಾನು ಗಂಡುಹುಡುಗರಿಗೆ ಹೇಳುತ್ತಿದ್ದೇನೆ. ಹುಡುಗಿಯರು ಮುಂದೆ ಓದಬಹುದು.) ಒಂದು ವಾಟಿ ತೊಗರಿ ಬೇಳೆಯನ್ನು ತೊಳೆದು, ಆರು ವಾಟಿ ನೀರು, ಚಿಟಿಕೆ ಅರಿಶಿಣ, ನಾಲ್ಕು ಹನಿ ಎಣ್ಣೆ ಹಾಕಿ ಬೋಗೋಣಿಯಲ್ಲಿ ಕುದಿಯಲು ಇಡಬೇಕು. ಅದು ಕುದಿಯುವವರೆಗೆ ಎರಡು ವಾಟಿ ಗೋಧಿ ಹಿಟ್ಟಿಗೆ ಉಪ್ಪು, ಸ್ವಲ್ಪ ಅಜಿವಾನ, ಒಂದು ಚಮಚ ಎಣ್ಣೆ ಹಾಕಿ ಗಟ್ಟಿಯಾಗಿ ನಾದಬೇಕು. ಚಪಾತಿಯ ಕಣಕಕ್ಕಿಂತ ಗಟ್ಟಿ ಇರಬೇಕು. ನಾದಿದ ಮೇಲೆ ಅರಿವೆ ಮುಚ್ಚಿ ಇಟ್ಟು ಬೆಳ್ಳುಳ್ಳಿ ಸುಲಿಯಬೇಕು. ಆಮೇಲೆ ಬಾರೆಹಣ್ಣಿನಷ್ಟು ಹಿಟ್ಟು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಒತ್ತಬೇಕು. ಒತ್ತಿದ ಕುಣಿಯಲ್ಲಿ ಬೇಳೆ ಹೋಗಿ ಕೂಡುತ್ತದೆ. ಒತ್ತುವ ಕೆಲಸ ತಂಗಿಯದು. ಅವಳ ಹೆಬ್ಬೆರಳು ಸಣ್ಣದು, ಕುಣಿ ಚಂದ ಬೀಳುತ್ತದೆ.

ಮೊದಲ ದಿನ ನಾನು ಬೇಳೆಯ ಜೊತೆಗೇ ಹುಣಸೆಹಣ್ಣಿನ ರಸ ಹಾಕಿಬಿಟ್ಟೆ. ಅವ್ವ ಆಗ ಗುಳಿಗೆ ತೆಗೆದುಕೊಳ್ಳಲು ಒಳಗೆ ಹೋಗಿದ್ದಳು. ಒಂದು ತಾಸಾದರೂ ಬೇಳೆ ಬೇಯಲಿಲ್ಲ. ಹುಳಿ ಬಿದ್ದರೆ ಬೇಳೆ ಮೆತ್ತಗಾಗುವುದಿಲ್ಲ, ಬೆಂದ ಮೇಲೆಯೇ ಹುಳಿ ಹಾಕಬೇಕು. ಇನ್ನೊಂದು ಮಾತು, ಬೋರಿನ ಸವಳು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಅದಕ್ಕೇ ಅವ್ವ ಹೊಳೆಯ ನೀರನ್ನು ಬೇಳೆಗೆಂದು ಒಂದು ಕೊಡ ಬೇರೆ ಇಡುತ್ತಾಳೆ. ನಾನು ಇಷ್ಟು ವರ್ಷ ಆ ಕೊಡದ ನೀರಿನಲ್ಲಿ ಕಾಲು ತೊಳೆದು ಬೈಸಿಕೊಳ್ಳುತ್ತಿದ್ದೆ. ಯಾಕೆ ಬೈಯುತ್ತಿದ್ದಳೆಂದು ಈಗ ತಿಳಿಯಿತು.

ಎರಡನೆಯ ತಪ್ಪು ಕಡಬು ಹಾಕುವುದರಲ್ಲಿ. ನೀರು ಕೊತಕೊತ ಕುದಿಯುವ ಮೊದಲೇ ಎಲ್ಲಾ ಕಡಬನ್ನು ಒಮ್ಮೆಲೇ ಸುರಿದೆ. ಎಲ್ಲವೂ ತಳಕ್ಕೆ ಹೋಗಿ ಒಂದಕ್ಕೊಂದು ಅಂಟಿ ತಂಗಿಯ ತಲೆಯಷ್ಟು ದೊಡ್ಡ ಒಂದೇ ಕಡಬಾಯಿತು. ಅದನ್ನು ಸೌಟಿನಿಂದ ಒಡೆದು ಒಡೆದು ಉಂಡೆವು. ಒಳಗೆ ಹಸಿ ಹಿಟ್ಟು ಇತ್ತು. ಆಯಿ ಬಾಯಲ್ಲಿ ಇಟ್ಟುಕೊಂಡು, “ಇದೇನೋ, ಗ್ವಾಡಿಗೆ ಮೆತ್ತೂ ಮಣ್ಣಿನಂಗ ಐತಿ” ಎಂದಳು. ಆದರೆ ಅವ್ವ ಉಂಡಳು. ಎರಡು ದಿನ ಚಹಾದ ಮೇಲಿದ್ದವಳು ಆ ಹಸಿ ಹಿಟ್ಟನ್ನು ಎಡಗೈಯಲ್ಲಿ ಚಮಚ ಹಿಡಿದು ಒಂದು ತಾಟು ಪೂರ್ತಿ ಉಂಡಳು. ಉಂಡು ಗುಳಿಗೆ ತೆಗೆದುಕೊಂಡಳು. ನಾನು ಆವತ್ತು ಬೋಗೋಣಿಯನ್ನು ಎರಡು ಸಲ ಬೂದಿ ಹಚ್ಚಿ ತಿಕ್ಕಿದೆ.

ಮರುದಿನದಿಂದ ಓಣಿಯವರು ರೊಟ್ಟಿ ತಂದರೆ ಅವ್ವ, “ನಮ್ಮ ಹುಡುಗ ಮಾಡಾಕತ್ಯಾನ್ರಿ, ಇನ್ ಮ್ಯಾಲೆ ತ್ರಾಸ ತಗೋಬ್ಯಾಡ್ರಿ” ಎಂದು ಹೇಳಿ ಅವರ ಬುಟ್ಟಿಯಲ್ಲಿ ಕಡಬು ಹಾಕಿ ಕಳಿಸಲು ಆರಂಭಿಸಿದಳು. ಇದೇ ನನಗೆ ತೊಂದರೆ ತಂದಿತು. ನಾನು ಅಡಿಗೆ ಮಾಡುವುದು ಊರಿಗೆಲ್ಲ ಗೊತ್ತಾಯಿತು. ಅದೇ ವಾರ ನನ್ನ ಪಕ್ಕದಲ್ಲಿ ಕೂಡುವ ಗೆಳೆಯ ಗಣಿತದ ನೋಟ್‌ಬುಕ್ಕು ಕೇಳಲು ಮನೆಗೆ ಬಂದ. ನನ್ನ ಎರಡೂ ಕೈ ಪರಾತದಲ್ಲಿದ್ದವು, ಮೂಗಿಗೆ ಹಿಟ್ಟು ಹತ್ತಿತ್ತು. ಅವನು ಏನೂ ಅನ್ನದೆ ನೋಟ್‌ಬುಕ್ಕು ತೆಗೆದುಕೊಂಡು ಹೋದ. ಮರುದಿನ ನಾನು ವರ್ಗದೊಳಗೆ ಕಾಲಿಟ್ಟಾಗ ಹಿಂದಿನ ಸಾಲಿನಿಂದ, “ಕಡಬು ಬಂತು, ಕಡಬು ಬಂತು” ಎಂದು ಕೂಗಿದರು. ಕಬಡ್ಡಿಯಲ್ಲಿ ನನ್ನನ್ನು ಹುಡುಗಿಯರ ಕಡೆ ಹೋಗೆಂದರು. ನಾನು ಎರಡು ದಿನ ಹೊಟ್ಟೆ ನೋವೆಂದು ಶಾಲೆ ತಪ್ಪಿಸಿದೆ. ಹಾಜರಿ ಪುಸ್ತಕದಲ್ಲಿ ಆ ಎರಡು ದಿನ ನನ್ನ ಮುಂದೆ ಗೈರುಹಾಜರಿ ಇದೆ. ಗುರುಗಳೇ, ಹೊಟ್ಟೆ ನೋವು ಇರಲಿಲ್ಲ. ಕ್ಷಮಿಸಬೇಕು.

ಅವ್ವನಿಗೆ ಕಾರಣ ಹೇಳಲಿಲ್ಲ. ಹೇಳಿದರೆ ಅವಳು ಕಡಬು ಬಿಟ್ಟು ಮತ್ತೆ ಚಹಾ ಕುಡಿಯುತ್ತಾಳೆಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ನಮ್ಮ ಕಾಕಾ ಅವ್ವನನ್ನು ಮಾತಾಡಿಸಲು ಗೋವೆಯಿಂದ ಬಂದ. ನಮ್ಮ ಕಡೆಯಿಂದ ಬಹಳ ಜನ ಗೋವೆಗೆ ದುಡಿಯಲು ಹೋಗುತ್ತಾರೆ, ನಿಮ್ಮಲ್ಲಿಯೂ ಕೆಲವರ ಮನೆಯವರು ಅಲ್ಲಿದ್ದಾರೆ. ಕಾಕಾ ಮೊದಲು ಅಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಿದ್ದ. ಆಮೇಲೆ ಒಂದು ಹೋಟೆಲಿನಲ್ಲಿ ಪಾತ್ರೆ ತಿಕ್ಕಿದ. ಈಗ ಅದೇ ಹೋಟೆಲಿನಲ್ಲಿ ಅಡಿಗೆ ಮಾಡುತ್ತಾನೆ. ಬರುವಾಗ ಗೇರುಬೀಜದ ಜೊತೆಗೆ ಒಂದು ಪ್ಯಾಕೆಟ್ ತಂದಿದ್ದ. ಅದರಲ್ಲಿ ಹಳದಿ ಬಣ್ಣದ ಕೊಳವೆಯಂಥವು ಇದ್ದವು. ತಂಗಿ ಅವನ್ನು ದಾರದಲ್ಲಿ ಪೋಣಿಸಿ ಸರ ಮಾಡಿಕೊಂಡಳು. ಕಾಕಾ, “ಇದಕ್ಕ ಪಾಸ್ತಾ ಅಂತಾರ. ಪರದೇಶದ ಮಂದಿ ನಮ್ಮ ಹೋಟೆಲಿಗೆ ಬಂದು ಇದನ್ನ ಕೇಳ್ತಾರ” ಎಂದ.

ಪಾಸ್ತಾ ಇಟಲಿ ದೇಶದ ಊಟ. ಅಲ್ಲಿ ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಗೆ ನೀರು ಹಾಕಿ ನಾದಿ, ಬೇರೆ ಬೇರೆ ಆಕಾರ ಮಾಡಿ ಒಣಗಿಸುತ್ತಾರೆ. ನೂಲಿನಂತೆ ಉದ್ದನೆಯದು, ಕೊಳವೆಯಂತಹದು, ಚಿಟ್ಟೆಯಂತಹದು ಹೀಗೆ ಬಹಳ ತರ ಇವೆ. ಅವರ ಭಾಷೆಯಲ್ಲಿ ಪಾಸ್ತಾ ಎಂದರೆ ನಾದಿದ ಹಿಟ್ಟು ಎಂದೇ ಅರ್ಥವಂತೆ. ಅವ್ವ ಕೇಳಿ, “ಹಂಗಾದ್ರ ಕಣಕ ಅನ್ನು” ಎಂದಳು. ಆಯಿಯಂತೂ ಒಪ್ಪಲೇ ಇಲ್ಲ. “ಇದರಾಗ ಹೊಸಾದು ಏನೈತಿ? ನಾವು ಬ್ಯಾಸಗ್ಯಾಗ ಶಾವಿಗಿ ಹೊಸೀತಿದ್ದಿಲ್ಲೇನು? ಮದಿವಿಗೆ ಗವಲಿ, ಸವತಿಬೀಜ ಮಾಡ್ತಿದ್ದಿಲ್ಲೇನು?” ಎಂದಳು. ಅದು ಖರೆ. ಗವಲಿ ಎಂದರೆ ಗೋಧಿಯ ಹಿಟ್ಟನ್ನು ಬೆರಳಿನಿಂದ ಕಾಳಿನಷ್ಟು ಸಣ್ಣಗೆ ಹೊಸೆದು ಒಣಗಿಸಿದ್ದು. ಸವತಿಬೀಜ ಹೆಸರಿನಂತೆಯೇ ಸೌತೆಯ ಬೀಜದ ಆಕಾರ. ಎರಡರಿಂದಲೂ ಪಾಯಸ ಮಾಡುತ್ತಾರೆ. ಆಯಿಯ ಕಾಲದಲ್ಲಿ ಮದುವೆಗೆ ತಿಂಗಳು ಮೊದಲೇ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಹಾಡುತ್ತಾ ಹೊಸೆಯುತ್ತಿದ್ದರಂತೆ. ಕಾಕಾ ನಮ್ಮ ಕಡಬನ್ನು ನೋಡಿ ಬೆರಗಾದ. ಕಿವಿಯ ಆಕಾರದ ಒಂದು ಪಾಸ್ತಾ ಇದೆ, ಅದನ್ನೂ ಹೀಗೆಯೇ ಹೆಬ್ಬೆರಳಿನಿಂದ ಒತ್ತಿ ಮಾಡುತ್ತಾರೆ ಎಂದ. ಅವತ್ತಿನಿಂದ ತಂಗಿ ತಾನು ಇಟಲಿಯ ಕೆಲಸ ಮಾಡುತ್ತಿದ್ದೇನೆಂದು ಹೇಳಿಕೊಳ್ಳುತ್ತಾಳೆ. ಗಡಿಯ ಆಚೆ ಸೊಲ್ಲಾಪುರದ ಕಡೆ ಬೇಳೆಯೊಳಗಿನ ಕಡಬಿಗೆ ಚಕೋಲ್ಯಾ ಎನ್ನುತ್ತಾರೆ, ಗುಜರಾತಿನಲ್ಲಿ ದಾಳ ಢೋಕಳಿ ಎನ್ನುತ್ತಾರೆ. ಇದನ್ನೂ ಕಾಕಾನೇ ಹೇಳಿದ. ಹೋಟೆಲಿನಲ್ಲಿ ಎಲ್ಲಾ ದೇಶ ಸಿಗುತ್ತದೆ ಎಂದು ಕಾಣುತ್ತದೆ.

ರಾತ್ರಿ ಕಾಕಾ ನಮ್ಮ ಬೋಗೋಣಿಯಲ್ಲಿಯೇ ಪಾಸ್ತಾ ಮಾಡಿದ. ಎಣ್ಣೆಯಲ್ಲಿ ಬೆಳ್ಳುಳ್ಳಿ ಉಳ್ಳಾಗಡ್ಡಿ ಹುರಿದ, ಅದರ ಮೇಲೆ ನೀರು ಹಾಕಿದ, ಕುದಿ ಬಂದ ಮೇಲೆ ಪಾಸ್ತಾ ಮತ್ತು ಉಪ್ಪು ಹಾಕಿದ. ಹತ್ತು ಹನ್ನೆರಡು ಮಿನಿಟಿನಲ್ಲಿ ಬೆಂದಿತು. ನೀರನ್ನು ಬಸಿಯಲಿಲ್ಲ. ಸಣ್ಣ ಉರಿ ಮಾಡಿ ಒಂದು ಲೋಟ ಹಾಲು, ಮೇಲಿನ ಕೆನೆ ಹಾಕಿ ತಿರುವಿದ. ನೋಡನೋಡುತ್ತಾ ನೀರು ಗಟ್ಟಿಯಾಗಿ ಬೆಣ್ಣೆಯಂತೆ ಆಯಿತು. ಹೋಟೆಲಿನಲ್ಲಿ ಚೀಸು, ಬೆಣ್ಣೆ ಹಾಕುತ್ತಾರಂತೆ. ನಮ್ಮಲ್ಲಿ ಅದೆಲ್ಲ ಎಲ್ಲಿ ಬರಬೇಕು? ನನಗೂ ತಂಗಿಗೂ ಬಹಳ ಸೇರಿತು. ಆಯಿ ಒಂದು ತುತ್ತು ಉಂಡು, “ಮೆತ್ತಗ ಐತಿ, ನನ್ನ ಬಾಯಿಗೆ ಚಲೋನ ಆತು. ಆದ್ರ ಖಾರಿಲ್ಲ ಹುಳಿಯಿಲ್ಲ, ಬ್ಯಾನಿ ಬಿದ್ದವರ ಊಟದಂಗ ಐತಿ” ಎಂದಳು. ಕೊನೆಗೆ ಅದಕ್ಕೆ ಮಸಾಲೆ ಖಾರ, ಶೇಂಗಾ ಪುಡಿ ಹಾಕಿಸಿಕೊಂಡು ಎರಡು ಸಲ ನೀಡಿಸಿಕೊಂಡಳು.

ಉಂಡ ಮೇಲೆ ಅಂಗಳದಲ್ಲಿ ಕುಳಿತಾಗ ನಾನು ಕಾಕಾನಿಗೆ, “ನಿಮ್ಮ ಹೋಟೆಲಿನಾಗ ಅಡಿಗಿ ಮಾಡೂ ಹೆಣ್ಮಕ್ಕಳು ಎಷ್ಟ ಮಂದಿ ಅದಾರ?” ಎಂದು ಕೇಳಿದೆ. “ಒಬ್ಬರೂ ಇಲ್ಲ. ಎಲ್ಲಾರೂ ಗಂಡಸರ” ಎಂದ. ಆಯಿ ಅಲ್ಲಿಯೇ ಎಲೆ ಅಡಿಕೆ ಕುಟ್ಟುತ್ತಿದ್ದಳು. ಕುಟ್ಟುವುದನ್ನು ನಿಲ್ಲಿಸಿ, “ಖರೇನ?” ಎಂದಳು. “ಖರೆ ಬೇ. ನಾನೂ ಅದರಾಗ ಒಬ್ಬಾಂವ. ನಿನಗ ತಿಂಗಳಾ ರೊಕ್ಕಾ ಬರ್ತೈತೆಲ್ಲ, ಅದು ಒಲಿ ಮುಂದ ನಿಂತ ಗಳಿಸಿದ್ದ” ಎಂದ ಕಾಕಾ. ಅಷ್ಟು ವರ್ಷ ಅವನು ಮನೆಯಲ್ಲಿ ‘ಹೋಟೆಲಿನಾಗ ಕೆಲಸ’ ಎಂದಷ್ಟೇ ಹೇಳುತ್ತಿದ್ದ. ಆಯಿ ಏನೂ ಮಾತಾಡಲಿಲ್ಲ. ಮತ್ತೆ ಕುಟ್ಟಲು ಆರಂಭಿಸಿದಳು. ಮರುದಿನದಿಂದ ನಾನು ಒಲೆಯ ಮುಂದೆ ಕುಳಿತಾಗ ಅವಳು ಒದರುವುದನ್ನು ಬಿಟ್ಟಳು. ಬೆಳ್ಳುಳ್ಳಿ ಸುಲಿದು ಕೊಡತೊಡಗಿದಳು.

ಕಾಕಾ ಹೋದ ಮೇಲೆ ನಾನು ನಮ್ಮ ಕಡಬನ್ನು ಪಾಸ್ತಾದಂತೆ ಗಟ್ಟಿ ರಸದಲ್ಲಿ ಮಾಡಬೇಕೆಂದು ಹಟ ಹಿಡಿದೆ. ಅಪ್ಪ ಕೊಲ್ಹಾರದಿಂದ ಬರುವಾಗ ಗಡಿಗೆ ಮೊಸರು ತಂದಿದ್ದ. ಕೊಲ್ಹಾರದ ಮೊಸರು ಎಲ್ಲರಿಗೂ ಗೊತ್ತು. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎನ್ನುತ್ತಾರೆ. ಮಣ್ಣಿನ ಗಡಿಗೆ ನೀರಿನಂಶವನ್ನು ಹೀರಿಕೊಳ್ಳುವುದರಿಂದ ಮೊಸರು ಅಷ್ಟು ಗಟ್ಟಿಯಾಗುತ್ತದೆ. ಆಯಿಯ ತವರು ಹಳೇ ಕೊಲ್ಹಾರ. ಆ ಊರು ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಮೊಸರು ಬಂದ ದಿನ ಆಯಿ ತಪ್ಪದೆ ತನ್ನ ಮುಳುಗಿದ ಮನೆಯ ಬಾಗಿಲು ಯಾವ ದಿಕ್ಕಿಗೆ ಇತ್ತು ಎಂದು ಹೇಳುತ್ತಾಳೆ. ಮೂಡಣ ದಿಕ್ಕಿಗೆ.

ನಾನು ಕುದಿಯುವ ಕಡಬಿನೊಳಗೆ ಒಂದು ದೊಡ್ಡ ಸೌಟು ಮೊಸರು ಹಾಕಿದೆ. ಒಂದು ಕ್ಷಣದಲ್ಲಿ ಅದು ಒಡೆದು ನೀರೇ ಬೇರೆ, ಬಿಳಿ ಹರಳೇ ಬೇರೆ ಆಯಿತು. ಆ ಚಲೋ ಮೊಸರು ಹಾಳಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅವ್ವ ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. “ಮಜ್ಜಿಗಿ ಸಾರಿಗೆ ಕಡ್ಲಿ ಹಿಟ್ಟು ಯಾಕ ಹಚ್ತಾರ ಅಂತ ತಿಳದಿ?” ಎಂದಳು. ಮೊಸರಿಗೆ ಒಂದು ಚಮಚ ಕಡಲೆ ಹಿಟ್ಟು ಹಾಕಿ ಗಂಟಿಲ್ಲದಂತೆ ಕಲಸಿ, ಬೋಗೋಣಿಯ ಬಿಸಿ ರಸವನ್ನೇ ಸ್ವಲ್ಪ ಸ್ವಲ್ಪ ಅದಕ್ಕೆ ಸೇರಿಸಿ, ಉರಿ ಸಣ್ಣ ಮಾಡಿದ ಮೇಲೆ ಹಾಕಿ ಕೈ ಬಿಡದೆ ತಿರುವಬೇಕು. ಕಡಲೆ ಹಿಟ್ಟು ಹಸಿ ವಾಸನೆ ಹೋಗುವವರೆಗೆ ಬೆಂದರೆ ಸಾಕು, ಹೆಚ್ಚು ಕುದಿಸಬಾರದು. ಮೊಸರು ಹಾಕುವ ದಿನ ಹುಣಸೆಹಣ್ಣು ಬೇಡ. ಮೊಸರು ಇಲ್ಲದ ದಿನ ಹುಣಸೆ, ಚೂರು ಬೆಲ್ಲ ಮತ್ತು ಎರಡು ಮುಷ್ಟಿ ಶೇಂಗಾ ಪುಡಿ. ಶೇಂಗಾ ಪುಡಿಯಿಂದಲೂ ರಸ ಕೆನೆಯಂತೆ ದಪ್ಪಗಾಗುತ್ತದೆ, ಅದು ಒಡೆಯುವ ಹೆದರಿಕೆಯೂ ಇಲ್ಲ. ನನಗೆ ಕೇಳಿದರೆ ಶೇಂಗಾದ್ದೇ ಹೆಚ್ಚು ರುಚಿ. ಮೇಲೆ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಚುಂಯ್ ಎನ್ನಿಸಿದರೆ ಮುಗಿಯಿತು. ಒಗ್ಗರಣೆಗೆ ಒಂದು ಸಣ್ಣ ಸೌಟು ಬೇಕು, ಆದ್ದರಿಂದ ‘ಒಂದೇ ಬೋಗೋಣಿ’ ಎಂಬುದು ಸ್ವಲ್ಪ ಸುಳ್ಳು.

ನೀರು ತಾನಾಗಿಯೇ ಯಾಕೆ ಗಟ್ಟಿಯಾಗುತ್ತದೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಆ ವಾರ ವರ್ಗದಲ್ಲಿ ಆಹಾರದ ಪಾಠ ನಡೆದಿತ್ತು. ಆಲೂಗಡ್ಡೆಯ ಮೇಲೆ ಅಯೋಡಿನ್ ಹನಿ ಹಾಕಿದರೆ ಕಡುನೀಲಿ ಆಗುವುದನ್ನು ಗುರುಗಳು ತೋರಿಸುತ್ತಿದ್ದರು. ನಾನು ಮರುದಿನ ಮನೆಯಲ್ಲಿ ನಾಲ್ಕು ಕಡಬನ್ನು ಬರೇ ನೀರಿನಲ್ಲಿ ಕುದಿಸಿ, ಆ ನೀರನ್ನು ಆರಿಸಿ, ಒಂದು ಸಣ್ಣ ಬಾಟಲಿಯಲ್ಲಿ ತುಂಬಿಕೊಂಡು ಹೋದೆ. ಕೊಡಲು ನಾಚಿಕೆ. ಹಿಂದಿನ ಸಾಲಿನವರು ನೋಡಿದರೆ ಮುಗಿಯಿತು. ಗಂಟೆ ಬಾರಿಸಿ ಎಲ್ಲರೂ ಹೋದ ಮೇಲೆ ಗುರುಗಳ ಮೇಜಿನ ಮೇಲೆ ಇಟ್ಟೆ. ಅವರು ಏನೆಂದು ಕೇಳಿದರು. ಹೇಳಿದೆ. ಅವರು, “ನಾಳೆ ಎಲ್ಲಾರ ಮುಂದ ಮಾಡೂಣು” ಎಂದು ಬಾಟಲಿಯನ್ನು ಕಪಾಟಿನಲ್ಲಿ ಇಟ್ಟುಬಿಟ್ಟರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನದನ್ನು ನೀವೆಲ್ಲ ನೋಡಿದ್ದೀರಿ. ಎರಡು ಹನಿ ಬಿದ್ದ ಕೂಡಲೇ ನೀರು ಮಸಿಯಂತೆ ಆಯಿತು. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ಬಿಸಿ ನೀರು ಕುಡಿದು ಉಬ್ಬುತ್ತವೆ, ಕೆಲವು ನೀರಿನಲ್ಲಿ ಬಿಡುತ್ತವೆ, ಅದರಿಂದ ರಸ ದಪ್ಪಗಾಗುತ್ತದೆ ಎಂದು ಗುರುಗಳು ಹಲಗೆಯ ಮೇಲೆ ಬರೆದರು. ನೀರು ಚಲೋ ಕುದಿಯುತ್ತಿರುವಾಗ ಹಾಕಿದರೆ ಕಡಬಿನ ಮೇಲ್ಭಾಗ ಬೇಗ ಬೆಂದು ಗಟ್ಟಿಯಾಗುತ್ತದೆ, ಅದಕ್ಕೇ ಅಂಟುವುದಿಲ್ಲ ಎಂದೂ ಹೇಳಿದರು. ಆಮೇಲೆ, “ಈ ನೀರು ಯಾರ ಮನ್ಯಾಗಿಂದು?” ಎಂದು ಕೇಳಿದರು. ಹಿಂದಿನ ಸಾಲಿನಿಂದ “ಕಡಬುಂದು ಸರ್” ಎಂದು ಕೂಗು ಬಂತು. ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. “ನಮ್ಮ ಮನ್ಯಾಗಿಂದು ಸರ್. ನಮ್ಮವ್ವನ ಕೈ ಮುರದೈತಿ. ನಾನ ಮಾಡ್ತೀನಿ” ಎಂದೆ. ನನ್ನ ಕಾಲು ನಡುಗುತ್ತಿದ್ದವು. ನಗು ನಿಂತಿತೋ ಇಲ್ಲವೋ ನನಗೆ ನೆನಪಿಲ್ಲ. ಬಿಡುವಿನಲ್ಲಿ ನೋಟ್‌ಬುಕ್ಕು ಒಯ್ದ ಗೆಳೆಯ ಬಂದು, “ಹುಣಸಿಹಣ್ಣು ಮೊದಲ ಹಾಕಬೇಕೋ ಆಮ್ಯಾಲೋ?” ಎಂದು ಕೇಳಿದ. ಅವನ ಅವ್ವ ಕಬ್ಬು ಕಡಿಯಲು ಹೋಗಿದ್ದಳು, ಅವನ ಮನೆಯಲ್ಲಿಯೂ ಅವನೇ ಅನ್ನ ಮಾಡುತ್ತಿದ್ದ ಎಂಬುದು ಅವತ್ತು ಗೊತ್ತಾಯಿತು. ಇದನ್ನು ಬರೆಯಲು ಅವನನ್ನು ಕೇಳಿದ್ದೇನೆ. ಬರಿ ಎಂದಿದ್ದಾನೆ, ಹೆಸರು ಬೇಡ ಎಂದಿದ್ದಾನೆ.

ಶಿವರಾತ್ರಿಯ ಸುಮಾರಿಗೆ ಅವ್ವನ ಪ್ಲಾಸ್ಟರ್ ತೆಗೆದರು. ಒಳಗಿನ ಕೈ ಬಿಳಿಚಿಕೊಂಡು ತಂಗಿಯ ಕೈಯಷ್ಟು ಸಣ್ಣಗಾಗಿತ್ತು. ಡಾಕ್ಟರು ಇನ್ನೂ ಹದಿನೈದು ದಿನ ಜೋರು ಮಾಡಬೇಡವೆಂದಿದ್ದರು. ಆದರೆ ಅವ್ವ ಮನೆಗೆ ಬಂದವಳೇ ಪರಾತ ಎಳೆದುಕೊಂಡು ಜೋಳದ ಹಿಟ್ಟು ಸುರಿದಳು. ಬಡಿಯುವಾಗ ನೋವಿಗೆ ತುಟಿ ಕಚ್ಚುತ್ತಿದ್ದಳು. ನಾನು ಬೇಡವೆಂದರೂ ಕೇಳಲಿಲ್ಲ. ಒಂದೇ ಒಂದು ರೊಟ್ಟಿ ಆಯಿತು, ಅದೂ ಅಂಗೈ ಅಗಲದ್ದು, ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ. ಅದನ್ನು ಐದು ತುಂಡು ಮಾಡಿ ಐದೂ ಜನರಿಗೆ ಕ��ಟ್ಟಳು. ಆಯಿ ತನ್ನ ತುಂಡನ್ನು ಚಹಾದಲ್ಲಿ ಅದ್ದಿಕೊಂಡು ಉಂಡಳು. ಅಪ್ಪ ಏನೂ ಮಾತಾಡದೆ ಎದ್ದು ಹೊರಗೆ ಹೋದ.

ಆಮೇಲೆ ಅವ್ವ ಹೆಂಚನ್ನು ಗೋಡೆಗೆ ಆನಿಸಿ ಇಟ್ಟು, ಮಣಿಕಟ್ಟು ಹಿಡಿದುಕೊಂಡು ನನ್ನ ಕಡೆ ನೋಡಿ, “ಬ್ಯಾಳಿ ತೊಳಿ. ಇವತ್ತ ಶೇಂಗಾ ಹಾಕು” ಎಂದಳು.